ಗುಹೆಯ ಮುಂದೆ ಟಾರ್ಚುಗಳು

ಶನಿವಾರ, ನವೆಂಬರ್ ೮

ಜೋಸ್ವಿನ್ ಮಾತಿಗೆ ತಪ್ಪಿದ. ಮಂಗಳೂರಿನಲ್ಲಿ ನನ್ನ ಶಿಷ್ಯನಾಗಿದ್ದವನು. ಈ ಪರದೇಶದಲ್ಲಿ ನನ್ನೊಡನೆ ಸಮುದ್ರಕ್ಕಿಳಿಯುವ ಏಕೈಕ ಸಂಗಾತಿ. ಮುಳುಗಿದ ದೋಣಿಯ ಅಡಿಯ ಪುಟ್ಟ ಗುಹೆಯಲ್ಲಿ ಮೊಟ್ಟೆ ಕಾಯುತ್ತಿರುವ ಆಕ್ಟೋಪಸ್ ತಾಯಿಯನ್ನು ಅವನೊಬ್ಬನಿಗೇ ತೋರಿಸಿದ್ದೆ, ಯಾರಿಗೂ ಹೇಳಕೂಡದೆಂಬ ಮಾತು ಪಡೆದು. ಇಂದು ಆ ಕೊರೆಯುವ ನೀರಿನಲ್ಲಿ ಅವಳ ಗುಹೆಯ ಮುಂದೆ ಅಪರಿಚಿತರ ಟಾರ್ಚುಗಳು. ಅವಳು ತೋಳುಗಳಿಂದ ಮೊಟ್ಟೆಗಳನ್ನು ಮರೆಮಾಡುತ್ತಿದ್ದಳು.

ದಡಕ್ಕೆ ಬಂದು ಜೋಸ್ವಿನ್‌ನನ್ನು ಕೇಳಿದೆ.

“ಎಂತ ಟೀಚರ್, ಒಂದು ಫೋಟೋ ಹಾಕಿದ್ದಲ್ವಾ? ಜಾಗದ ಹೆಸರು ಹೇಳ್ಲೇ ಇಲ್ಲ!”

“ಹಿಂದೆ ದೋಣಿ ಕಾಣ್ತದಲ್ಲ ಮಾರಾಯ!”

“ಲೈಕ್ಸ್ ಎಷ್ಟು ಬಂತು ಗೊತ್ತುಂಟಾ?” ಎಂದು ನಕ್ಕ.

ಮೊಟ್ಟೆಯೊಡೆಯುವವರೆಗೆ ಅವಳು ಉಣ್ಣುವುದಿಲ್ಲ, ಕದಲುವುದೂ ಇಲ್ಲ. ಅದನ್ನು ಬಲ್ಲವನೇ ಅವಳನ್ನು ಅಪರಿಚಿತರಿಗೆ ಒಪ್ಪಿಸಿದ.

ನಾಳೆ ಹತ್ತಿರದ ಸರೋವರಕ್ಕೆ ಇಳಿಯೋಣವೆಂದು ಈಗಷ್ಟೇ ಸಂದೇಶ ಕಳುಹಿಸಿದ್ದಾನೆ. ಆಳದಲ್ಲಿ ನನ್ನ ಗಾಳಿ ಮುಗಿದರೆ ತನ್ನದನ್ನು ಕೊಡಬೇಕಾದವನು ಇವನೇ. ಇಂಥವನ ಕಡೆಗೆ ಕೈ ಚಾಚಿ ನಾನು ಗಾಳಿ ಕೇಳಲಾರೆ; ನಾಳೆ ಇಳಿಯುವುದಿಲ್ಲ.