ಪಿಟೀಲಿನ ಒಳಗಿನ ಕಡ್ಡಿ

ಅಲ್ ಹಿಲಾಲ್, ದೋಹಾ
೯ ಫೆಬ್ರವರಿ ೨೦೨೫

ಅಮ್ಮಾ,

ನಮಸ್ಕಾರ ಗಿಮಸ್ಕಾರ ಎಲ್ಲ ಆಮೇಲೆ, ಮೊದಲು ಸುದ್ದಿ ಕೇಳು. ನಿನ್ನ ಪಿಟೀಲು ಸತ್ತಿಲ್ಲ!

ಹೋದ ಸಲ ನೀನು ಬಂದಾಗ, ಇಲ್ಲಿನ ಏಸಿ ಗಾಳಿಗೆ ಮರ ಒಣಗಿತೆಂದು ಕೊಬ್ಬರಿ ಎಣ್ಣೆ ಸವರಿದೆ, ಮಗುವಿನ ತಲೆಗೆ ಹಚ್ಚುವ ಹಾಗೆ. ಒಂದು ವಾರಕ್ಕೆ ನಾದ ಮಂಕಾಯಿತು. ಕೈಯಾರೆ ಕೊಂದೆ ಎಂದು ಅದನ್ನಿಲ್ಲೇ ಬಿಟ್ಟು ಮೈಸೂರಿಗೆ ಹೋದವಳು ಮತ್ತೆ ಕಮಾನು ಮುಟ್ಟಿಲ್ಲ. ಪಾಠದ ಮಕ್ಕಳನ್ನೂ ವಾಪಸ್ ಕಳಿಸುತ್ತೀಯಂತೆ. ಫೋನಿನಲ್ಲಿ ಪಿಟೀಲು ಅಂದರೆ ಸಾಕು, ಸಾರು ಉಕ್ಕುತ್ತಿದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಾಳೆ ಊರಿಗೆ ಹೊರಟಿರುವ ನಮ್ಮ ಆಫೀಸಿನ ಅಮೂಲ್ಯಾ ಕೈಯಲ್ಲಿ ಕಳಿಸುತ್ತಿದ್ದೇನೆ.

ಸೂಕ್ ವಾಕಿಫ್ ಪೇಟೆಯಲ್ಲಿ ವಾದ್ಯ ರಿಪೇರಿ ಮಾಡುವವನು ತಿರುಗಿಸಿ ನೋಡಿ ಖಲಾಸ್ ಅಂದಿದ್ದ. ಆಮೇಲೆ ಗೊತ್ತಾಯಿತು, ಇಟಲಿಯಿಂದ ಒರೆಸ್ತೆ ಎಂಬ ಪಿಟೀಲು ಮಾಡುವವರು ಇಲ್ಲಿನ ಆರ್ಕೆಸ್ಟ್ರಾದ ವಾದ್ಯಗಳನ್ನು ನೋಡಲು ಬಂದಿದ್ದಾರೆಂದು. ಎಪ್ಪತ್ತು ದಾಟಿದೆ. ಬೆರಳ ಗೆಣ್ಣಿನಿಂದ ಮರವನ್ನು ಅಲ್ಲಲ್ಲಿ ತಟ್ಟಿ, ಕಣ್ಣು ಮುಚ್ಚಿ ಕೇಳಿದರು. ಎಣ್ಣೆ ವಾರ್ನಿಷ್ ದಾಟಿಯೇ ಇಲ್ಲ, ಒರೆಸಿದರೆ ಹೋಯಿತು ಅಂದರು! ಒಳಗೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಒಂದು ಪುಟ್ಟ ಕಡ್ಡಿ ನಿಂತಿರುತ್ತದೆ, ಅಂಟಿಲ್ಲದೆ, ಬರೀ ಒತ್ತಡದ ಮೇಲೆ. ಮರ ಒಣಗಿ ಅದು ವಾಲಿತ್ತು, ಅಷ್ಟೇ. ಅವರ ಭಾಷೆಯಲ್ಲಿ ಅದಕ್ಕೆ ಆತ್ಮ ಎಂದೇ ಹೆಸರಂತೆ.

ಬಾಗಿದ ಸಲಾಕೆಯೊಂದನ್ನು ಪಿಟೀಲಿನ ಸೀಳಿನೊಳಗೆ ಇಳಿಸಿ ಕಡ್ಡಿ ನಿಲ್ಲಿಸಿದರು. ಗದ್ದದ ಕೆಳಗಿಟ್ಟು ತಾವೇ ನುಡಿಸಿದರು. ಅಬ್ಬಬ್ಬಾ, ಕೋಣೆ ತುಂಬಿತು! ಆದರೆ ಅದು ನಿನ್ನ ದನಿಯಲ್ಲ. ಬಾಯಿಬಿಟ್ಟು ಹೇಗೆ ಹೇಳಲಿ? ಸುಮ್ಮನೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಂತಿಗಳನ್ನು ನಮ್ಮ ಶ್ರುತಿಗೆ ಇಳಿಸಿ, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ನೀನು ಕಲಿಸಿದ ತೋಡಿ ರಾಗ ಎಳೆದೆ. ನಾದ ಟೊಳ್ಳು ಟೊಳ್ಳು.

ಆ ಮಹಾರಾಯರು ಮಂಡಿ ಹಿಡಿದುಕೊಂಡು ನನ್ನೆದುರು ನೆಲಕ್ಕೇ ಕೂತರು. ಗಾಂಧಾರ ತೂಗಿದಾಗಲೆಲ್ಲ ಮತ್ತೊಮ್ಮೆ ಅಂದರು. ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುವುದು, ಕೊಡುವುದು, ಕಿವಿಗೊಡುವುದು, ಮತ್ತೆ ಇಸಿದುಕೊಳ್ಳುವುದು. ಚಹಾ ತಂದಿಟ್ಟದ್ದು ಆರಿಹೋಯಿತು. ಕೊನೆಗೊಮ್ಮೆ ಕಮಾನು ಎಳೆದೆ ನೋಡು, ನೀನೇ ಅಡುಗೆಮನೆಯಿಂದ ಕರೆದ ಹಾಗಾಯಿತು. ಗೊಳೋ ಎಂದು ಅತ್ತುಬಿಟ್ಟೆನಮ್ಮ. ನಮ್ಮ ರಾಗದ ಹೆಸರೂ ತಿಳಿಯದವರಿಗೆ ನಿನ್ನ ದನಿ ಅದು ಹೇಗೆ ಸಿಕ್ಕಿತೋ! ಕಾಲಿಗೆ ಬಿದ್ದೆ. ಪಾಪ, ಗಾಬರಿಯಾದರು.

ನಿನ್ನ ತಪ್ಪೇನೂ ಇರಲಿಲ್ಲ. ಇನ್ನಾದರೂ ಸರಿಯಾಗಿ ಊಟ ಮಾಡು.

ನಿನ್ನ ಮುದ್ದಿನ
ವೇದಾ

ಮರೆತಿದ್ದೆ: ಇದರ ಒಡತಿ ನುಡಿಸುವುದನ್ನು ಕೇಳಲೇಬೇಕು ಎಂದು ಒರೆಸ್ತೆ ಹಟ ಹಿಡಿದರು. ನೀನು ಬಿಟ್ಟುಬಿಟ್ಟಿದ್ದೀಯ ಎನ್ನಲು ನಾಲಿಗೆ ಏಳಲಿಲ್ಲ. ದಿನಾ ನುಡಿಸುತ್ತಾಳೆ, ಶುಕ್ರವಾರ ಬರುತ್ತಾಳೆ ಅಂದುಬಿಟ್ಟೆ. ಅವರು ಊರಿಗೆ ಹೊರಡುವುದನ್ನು ಮುಂದಕ್ಕೆ ಹಾಕಿದ್ದಾರೆ. ಟಿಕೆಟ್ ಲಕೋಟೆಯಲ್ಲೇ ಇದೆ. ಎಡಗೈ ಉಗುರು ಕತ್ತರಿಸಿಕೊಂಡು ಬಾ.