ಎಳೆತ ಬಿಡುವ ಗಾಡಿ

ವರ್ಕ್‌ಶಾಪ್, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

…ಬಿಚ್ಚುವ ಮೊದಲು ಯೋಚಿಸು, ಬಿಚ್ಚಿದ ಮೇಲೆ ಅಳಬೇಡ ಅಂತ ಹೇಳಿದ್ದು ನೀನೋ, ಅಮ್ಮನೋ. ಹೊಲಿಗೆ ಮಷೀನನ್ನು ನಾನು ಬಿಡಿಬಿಡಿ ಮಾಡಿ ಕೂತಿದ್ದ ದಿನ ಇರಬೇಕು. ಬೆಳಗಿನಿಂದ ಆ ಮಾತು ಕಿವಿ ಬಿಟ್ಟಿಲ್ಲ. ನಿನ್ನ ಸೊಂಟನೋವು ಹೇಗಿದೆ? ಬಾಣಂತಿ ಮಗಳು, ಕೂಸು ನಿನಗೂ ಒಂದಿಷ್ಟು ನಿದ್ದೆ ಉಳಿಸುತ್ತಿದ್ದಾರಾ?

ಇಲ್ಲಿಯ ಸುದ್ದಿ ಭಾವನದು. ಕ್ವಾರಿಯಲ್ಲಿ ಅವರು ಓಡಿಸುವ ಲೋಡರ್ ಕಲ್ಲು ಹೊತ್ತು ಏರು ಹತ್ತುವಾಗ ಎಳೆತ ಬಿಡುತ್ತಿದೆ: ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರ ತಿರುಗುವುದಿಲ್ಲ. ಮೊನ್ನೆ ಹಿಂದಕ್ಕೆ ಜಾರಿತು. ಕೆಳಗೆ ಕಲ್ಲು ಆರಿಸುತ್ತಿದ್ದ ಹೆಂಗಸರು ಬುಟ್ಟಿ ಬಿಸಾಕಿ ಓಡಿದರು. ಮಾಲೀಕರು ನನ್ನನ್ನು ಕರೆದು, "ಗೇರ್‌ಬಾಕ್ಸಲ್ಲಿ ದೋಷ ಸಿಕ್ಕಿದ್ರೆ ಸರಿ. ಇಲ್ದಿದ್ರೆ ನಿಮ್ಮ ಭಾವ ನಾಳೆಯಿಂದ ಮನೇಲಿರ್ಲಿ" ಅಂದರು. ದೋಷ ಸಿಗಲಪ್ಪಾ ಎಂದು ಬೇಡಿಕೊಂಡ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು. ಬಿಸಿ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ. ಲೋಹದ ಒಂದು ಚೂರೂ ಇಲ್ಲ, ಅಂದರೆ ಒಳಗೇನೂ ಸವೆದಿಲ್ಲ. ಆಯಿಲ್ ಒತ್ತಡ ತೋರಿಸುವ ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು. ಭಾವ ಡ್ರಮ್ಮಿನ ಮೇಲೆ ಕೂತು ಟೀ ಹೀರುತ್ತ, "ಏನ್ ಡಾಕ್ಟ್ರೇ, ನಾಡಿ ಸಿಕ್ತಾ? ಇಲ್ಲಾ ರೋಗಿ ನಿಮಗಿಂತ ಗಟ್ಟಿನಾ?" ಅಂತ ಕಾಲೆಳೆದರು. ನಿನ್ನೆ ದಿನವಿಡೀ ನಾನೇ ಓಡಿಸಿದೆ. ಒಮ್ಮೆಯೂ ಎಳೆತ ಬಿಡಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದೇ ಇಷ್ಟು ವರ್ಷ ನನ್ನ ನೆಮ್ಮದಿಯಾಗಿತ್ತು. ಈಗಲೂ ನಿಜವನ್ನೇ ಹೇಳುತ್ತಿದೆ. ನನಗೇ ಅದು ಬೇಡವಾಗಿದೆ. ಕ್ಲಚ್ ಪ್ಲೇಟ್ ಸವೆದಿದೆ ಎಂದು ಒಂದು ಮಾತು ಅಂದರೆ ಭಾವನ ಕೆಲಸ ಉಳಿಯುತ್ತದೆ. ಮಾಲೀಕರು ನಾಳೆ ಬೆಳಿಗ್ಗೆ ಬರುತ್ತಾರೆ.

ಮಗಳಿಗೆ ಆಶೀರ್ವಾದ. ಕೂಸಿಗೆ, ಗ್ರೀಸ್ ಹತ್ತದ ಹಾಗೆ, ಈ ಅಜ್ಜನದೊಂದು ಮುತ್ತು. ನಾನೂ ಅಜ್ಜನಾದೆ ಎಂಬುದು ಇನ್ನೂ ತಲೆಗೆ ಇಳಿದಿಲ್ಲ.

ನಿನ್ನ ಮೊಂಡ ತಮ್ಮ

ಮರೆತಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಭಾವನ ಕೈಗೇ ಗಾಡಿ ಕೊಟ್ಟು ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದೆ. ಏರಿನಲ್ಲಿ ಎಳೆತ ಬಿಟ್ಟಿತು. ಕೆಳಗೆ ನೋಡಿದರೆ ಅವರ ಎಡಗಾಲು ಬ್ರೇಕಿನ ಮೇಲಿತ್ತು. ಈ ಗಾಡಿಯಲ್ಲಿ ಆ ಪೆಡಲನ್ನು ಸ್ವಲ್ಪ ಒತ್ತಿದರೂ ಸಾಕು, ಗಾಡಿ ನಿಲ್ಲದಿದ್ದರೂ ಎಳೆತ ಕಡಿದುಹೋಗುತ್ತದೆ. "ಕಾಲು ತೆಗೀರಿ" ಅಂದೆ. "ಕಾಲು ಕೆಳಗೆ ನೆಲದ ಮೇಲೇ ಇದೆಯಲ್ಲೋ" ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ಬೂಟು ಬಿಚ್ಚಿಸಿದೆ. ಒಳಗೊಂದು ನಟ್ ಸೇರಿಕೊಂಡಿತ್ತು, ಹೆಬ್ಬೆರಳ ಬುಡ ಹುಣ್ಣಾಗಿ ಸಾಕ್ಸಿಗೆ ರಕ್ತ ಅಂಟಿತ್ತು; ಅವರಿಗೆ ಗೊತ್ತೇ ಆಗಿರಲಿಲ್ಲ. ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡಿ ನಕ್ಕರು. "ನಿಮ್ಮಕ್ಕನಿಗೆ ಹೇಳ್ಬೇಡ" ಅಂದರು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಮಾಲೀಕರಿಗೆ ನಾನು ಒಂದಲ್ಲ ಒಂದು ಹೇಳಿಬಿಟ್ಟಿರುತ್ತೇನೆ. ಆದರೂ ಕೇಳುತ್ತೇನೆ ಅಕ್ಕಾ, ಏನು ಹೇಳಲಿ?