ತಿರುವಿನಲ್ಲಿ ತಿರುಗದ ಕಾರು

ಪೆರಿಯನಾಯಕನಪಾಳ್ಯಂ, 1986

ತಮ್ಮ ಲಿಂಗಸಾಮಿ,

ನಿನ್ನ ವಿಳಾಸ ನನಗೆ ಗೊತ್ತಿಲ್ಲ. ಗೊತ್ತಿದ್ದರೂ, ತಮಿಳು ಶಾಲೆಯಲ್ಲಿ ಓದಿದ ನಿನಗೆ ಕನ್ನಡ ಅಕ್ಷರ ಓದಲು ಬಾರದು. ತಾತ ಕಲಿಸಿದ್ದು ನನಗೊಬ್ಬನಿಗೇ. ಅದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ಮನೆಯಲ್ಲಿ ನಮ್ಮ ಕನ್ನಡ ಮಾತು ಆಡಲು ಯಾರೂ ಇಲ್ಲ.

ನಮ್ಮ ರೇಸ್ ಕಾರನ್ನು ಈಗ ಗೋಪಾಲಕೃಷ್ಣ ಓಡಿಸುತ್ತಾನೆ. ನಿನ್ನೆ ಅವನೂ ವರ್ಕ್‌ಶಾಪಿಗೆ ಬಂದು ನೀನು ಹೇಳಿದ್ದನ್ನೇ ಹೇಳಿದ: "ಅಣ್ಣಾ, ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ವಂಡಿ ನೇರವಾಗೇ ಹೋಗ್ತದೆ."

ಈ ಸಲ ನಾನೇ ಓಡಿಸಿ ನೋಡಿದೆ. ಮಿಲ್ಲಿನ ಹಿಂದಿನ ಮೈದಾನದಲ್ಲಿ ವೇಗವಾಗಿ ಬಂದು ತಿರುಗಿಸಿದರೆ, ಮುಂದಿನ ಚಕ್ರಗಳು ಜಾರಿಕೊಂಡು ಬೇಲಿಯ ಕಡೆಗೇ ಹೋದವು. ಎರಡು ವರ್ಷದ ಹಿಂದೆ ಪ್ರತಿ ತಿರುವಿನಲ್ಲೂ ನಿನಗೆ ಹೀಗೇ ಆಗುತ್ತಿತ್ತು. ನಾನೋ ಎಲ್ಲರೆದುರು, "ವಂಡಿ ಸರಿಯಾಗೇ ಇದೆ. ಭಯ ಇರೋನು ಬಸ್ಸಲ್ಲಿ ಹೋಗ್ಲಿ" ಎಂದಿದ್ದೆ. ನೀನು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಹೊರಟುಹೋದೆ.

ತಿರುವಿನಲ್ಲಿ ವಾಲದಿರಲಿ ಎಂದು ಕಾರಿನ ಮುಂಭಾಗಕ್ಕೆ ನಾನು ಹಾಕಿದ್ದ ದಪ್ಪ ಉಕ್ಕಿನ ಸ್ಟೆಬಿಲೈಸರ್ ಬಾರನ್ನು ತೆಗೆದು ತೆಳ್ಳಗಿನದನ್ನು ಹಾಕಿದೆ; ಅದರ ಬಿಗಿಗೇ ಮುಂದಿನ ಚಕ್ರಗಳ ಹಿಡಿತ ತಪ್ಪುತ್ತಿತ್ತು. ಒಂದು ಗಂಟೆಯ ಕೆಲಸ, ಅಷ್ಟೇ. ಆಮೇಲೆ ಕಾರು ಹೇಳಿದಂತೆ ತಿರುಗಿತು.

"ತಪ್ಪು ಎಲ್ಲಿದೆ ಅಂತ ಹೆಂಗಣ್ಣಾ ಕಂಡ್ಹಿಡಿದ್ರಿ?" ಎಂದು ಗೋಪಾಲಕೃಷ್ಣ ಕೇಳಿದ.

"ಮುಂಚೆ ಓಡಿಸ್ತಿದ್ದೋನು ಹೇಳಿದ್ದ" ಎಂದೆ.

"ಯಾರಣ್ಣಾ ಅವ್ರು? ಒಳ್ಳೆ ಡ್ರೈವರಾಗಿರ್ಬೇಕು."

ನನ್ನ ತಮ್ಮ ಎನ್ನಲು ಬಾಯಿ ಬರಲಿಲ್ಲ. ಹೌದು ಎಂದಷ್ಟೇ ಹೇಳಿ ಕೈ ತೊಳೆಯಲು ಹೋದೆ.